ಕಪ್ಪು ಕಲ್ಲಿನ ವಿಚಾರಣೆ

ತಮ್ಮನ್ನು ಯಾಮಾರಿಸುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೂ ಅವನ ತಕ್ಕಡಿ ಈಗ ತಮ್ಮ ಕಚೇರಿಯ ಉಗ್ರಾಣದಲ್ಲಿದೆ ಎಂಬುದು ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಸಾಹೇಬರ ಅಚಲ ನಂಬಿಕೆ. ಇಪ್ಪತ್ತಾರು ವರ್ಷ ಕಂಡವರ ತೂಕದ ಕಲ್ಲುಗಳನ್ನು ತೂಗಿ ತೂಗಿ ಅವರಿಗೆ ಅನುಮಾನ ಎನ್ನುವುದು ಉಸಿರಾಟದಷ್ಟೇ ಸಲೀಸಾಗಿಬಿಟ್ಟಿತ್ತು. ಕೈಗೆ ಹಾಲಿನ ಲೋಟ ಬಂದರೆ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಕೊಟ್ಟ ಹೆಂಡತಿಯ ಮುಖ ನೋಡಿ, ಕೊನೆಗೆ ಕುಡಿಯುತ್ತಿದ್ದರು.

ಇಂಥವರ ಅಡುಗೆಮನೆಗೆ ಹೊಸ ಕರಿಕಲ್ಲಿನ ಕಟ್ಟೆ ಬಂತು. ಕಟ್ಟೆಗೂ ಮೇಲಿನ ಕಪಾಟಿಗೂ ನಡುವೆ, ಎಣ್ಣೆ ಸಿಡಿಯುವ ಎರಡಡಿ ಗೋಡೆ ಮಾತ್ರ ಬೋಳಾಗಿ ಉಳಿದಿತ್ತು. ಅಲ್ಲಿಗೆ ಏನು ಅಂಟಿಸುವುದೆಂದು ತೀರ್ಮಾನವಾಗದೆ ಇಪ್ಪತ್ತು ದಿನವಾಗಿತ್ತು. ಸ್ಟವ್ ಬಾಲ್ಕನಿಯಲ್ಲಿ, ಪಾತ್ರೆಗಳು ಮಂಚದ ಕೆಳಗೆ. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ಹೆಂಡತಿ ಸೌಟು ಬೇಕೆಂದಾಗಲೆಲ್ಲ ಮಂಡಿಯೂರಿ ತೆವಳಬೇಕಿತ್ತು.

"ಟೈಲ್ ವಿಷಯ ನನಗೆ ಬಿಡು. ಈ ಜನ ಎಲ್ಲಿ ಕೈಚಳಕ ತೋರಿಸ್ತಾರೆ ಅಂತ ನಿನಗೆ ಗೊತ್ತಾಗಲ್ಲ," ಎಂದರು ಸಾಹೇಬರು.

"ಬಿಟ್ಟು ಇಪ್ಪತ್ತು ದಿನ ಆಯ್ತು. ಈ ಭಾನುವಾರ ಮುಗೀಲಿಲ್ಲ ಅಂದ್ರೆ ಮಂಚದ ಕೆಳಗಿನ ಅಡುಗೆಮನೆ ನಿಮಗೇ ಬಿಟ್ಟೆ," ಎಂದರು ಹೆಂಡತಿ.

ಭಾನುವಾರ ಬೆಳಿಗ್ಗೆ ಟೈಲ್ಸ್ ಮೇಸ್ತ್ರಿ ಮಾದರಿಗಳನ್ನು ತಂದು ಸಾಲಾಗಿ ಜೋಡಿಸಿದ. ಸಾಹೇಬರು ಆರೋಪಿಗಳನ್ನು ನೋಡುವಂತೆ ನೋಡಿದರು. ಗಾಜು ಬೇಡ, ಅದರ ಹಿಂದೆ ಏನು ಬಳಿದಿದ್ದಾರೋ. ಸ್ಟೀಲ್ ಹಾಳೆ ನಮ್ಮ ಮುಖ ತೋರಿಸಿ ತನ್ನ ಮುಖ ಮರೆಸಿಕೊಳ್ಳುತ್ತದೆ. ಅಮೃತಶಿಲೆಯ ಅಷ್ಟೊಂದು ನುಣುಪು ಒಳ್ಳೆಯದಕ್ಕಲ್ಲ. ಉಳಿದದ್ದು ಸಾದಾ ಬಿಳಿ ಟೈಲ್.

"ಇದೇ ಚೆನ್ನಾಗಿದೆ," ಎಂದರು ಹೆಂಡತಿ.

"ನಾನೂ ಅದೇ ಹೇಳೋಣ ಅಂತಿದ್ದೆ," ಎಂದ ಮೇಸ್ತ್ರಿ.

ಸಾಹೇಬರ ಹುಬ್ಬು ಮೇಲೇರಿತು. "ನೀವಿಬ್ರೂ ಮೊದಲೇ ಮಾತಾಡ್ಕೊಂಡಿದ್ರಾ?"

"ಕಪ್ಪು ಕಲ್ಲಿಗೆ ಬಿಳಿ ಹೊಂದುತ್ತೆ ಅನ್ನೋಕೆ ಮಾತಾಡ್ಕೋಬೇಕಾ ಸಾರ್?"

"ಕಲ್ಲು ಕಪ್ಪು ಅಂತ ಯಾರು ಹೇಳಿದ್ದು?"

ಇಬ್ಬರೂ ಕಟ್ಟೆಯನ್ನೊಮ್ಮೆ, ಸಾಹೇಬರನ್ನೊಮ್ಮೆ ನೋಡಿದರು. ಬೂದು ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ ಮಾರುತ್ತಾರೆ, ಎರಡೇ ವರ್ಷಕ್ಕೆ ಬಣ್ಣ ಬಿಟ್ಟು ಪೇಲವವಾಗುತ್ತದೆ ಎಂದು ಕಚೇರಿಯ ಗುಮಾಸ್ತರು ಯಾವಾಗಲೋ ಹೇಳಿದ್ದು ಸಾಹೇಬರ ತಲೆಯಲ್ಲಿ ಕೊರೆಯುತ್ತಿತ್ತು. ಹೆಂಡತಿಯ ಉಗುರುಬಣ್ಣ ಅಳಿಸುವ ಸೀಸೆ ತಂದು, ಹತ್ತಿಯನ್ನು ಅದ್ದಿ, ಕಲ್ಲಿನ ಮೂಲೆಯನ್ನು ಗಸಗಸ ಉಜ್ಜಿದರು. ಎತ್ತಿ ನೋಡಿದರೆ ಹತ್ತಿ ಕಪ್ಪಗಾಗಿತ್ತು.

ಮೋಸ ಹೋದ ಮನುಷ್ಯ ಅಷ್ಟು ಖುಷಿಪಟ್ಟದ್ದನ್ನು ಮೇಸ್ತ್ರಿ ಜನ್ಮದಲ್ಲಿ ಕಂಡಿರಲಿಲ್ಲ. ಸಾಹೇಬರು ಅಲ್ಲೇ ನಿಂತು ಕಲ್ಲಿನ ವ್ಯಾಪಾರಿಗೆ ಫೋನ್ ಮಾಡಿದರು. "ಬಂದು ಕಟ್ಟೆ ಕಿತ್ಕೊಂಡು ಹೋಗಿ. ಇಲ್ಲಾಂದ್ರೆ ನಾಳೆ ಇಲಾಖೆ ಜೀಪು ನಿಮ್ಮ ಅಂಗಡಿ ಮುಂದಿರುತ್ತೆ."

ಅರ್ಧ ಗಂಟೆಯಲ್ಲಿ ವ್ಯಾಪಾರಿ ಏದುಸಿರು ಬಿಡುತ್ತ ಬಂದರು. ತಲೆ ನರೆತ, ಮೆತ್ತಗೆ ಮಾತಾಡುವ ಮನುಷ್ಯ. ತಾವೇ ಹತ್ತಿ ತೆಗೆದುಕೊಂಡು ಕಲ್ಲನ್ನು ಉಜ್ಜಿದರು. ಹತ್ತಿ ಬೆಳ್ಳಗೇ ಇತ್ತು. ಸಾಹೇಬರು ಉಜ್ಜಿದರು. ಕಪ್ಪು. ಮೇಸ್ತ್ರಿ ಉಜ್ಜಿದ. ಬಿಳಿ. ಸಾಹೇಬರು ತಲೆ ಸವರಿಕೊಂಡು, ಯೋಚಿಸಿ, ಇನ್ನೊಂದು ಮೂಲೆಯಲ್ಲಿ ಉಜ್ಜಿದರು. ಕಡುಗಪ್ಪು.

"ನೀವಿಬ್ರೂ ಮೆಲ್ಲಗೆ ಉಜ್ತಿದ್ದೀರ," ಎಂದರು ಸಾಹೇಬರು. "ಸತ್ಯ ಹೊರಗೆ ಬರ್ಬೇಕಾದ್ರೆ ಕೈಯಲ್ಲಿ ಬಲ ಇರ್ಬೇಕು."

ವ್ಯಾಪಾರಿ ಹತ್ತಿಯನ್ನು ಕೆಳಗಿಟ್ಟರು. "ಮೂವತ್ತು ವರ್ಷದಲ್ಲಿ ಇಂಥ ಕಲ್ಲು ನೋಡಿಲ್ಲ ಸಾರ್. ನಿಮಗೊಬ್ಬರಿಗೇ ಬಣ್ಣ ಬಿಡ್ತಿದೆ. ಆಗಲಿ, ಕಿತ್ತು ಒಯ್ತೀನಿ. ಇಷ್ಟು ವರ್ಷ ಉಳಿಸ್ಕೊಂಡ ಹೆಸರು ಕೆಡೋದು ಬೇಡ." ಮೇಸ್ತ್ರಿ ಒಲ್ಲದ ಮನಸ್ಸಿನಿಂದ ಉಳಿ ಕೈಗೆತ್ತಿಕೊಂಡ.

"ತಡೀರಿ," ಎಂದರು ಹೆಂಡತಿ. ಅದು ಪ್ರಯೋಗಶಾಲೆಯಲ್ಲಿ ನಲವತ್ತು ಮಕ್ಕಳನ್ನು ಒಂದೇ ಸಲಕ್ಕೆ ನಿಲ್ಲಿಸುವ ದನಿ. "ಕಲ್ಲು ಅದೇ, ಹತ್ತಿ ಅದೇ, ಸೀಸೆ ಅದೇ. ಬದಲಾಗ್ತಿರೋದು ಕೈ ಮಾತ್ರ. ರೀ, ಈ ಸಲ ಕಲ್ಲು ಮುಟ್ಬೇಡಿ. ಒದ್ದೆ ಹತ್ತಿ ಸುಮ್ನೆ ಬೆರಳಲ್ಲಿ ಹಿಡ್ಕೊಳ್ಳಿ."

"ಹಿಡ್ಕೊಂಡ್ರೆ ಏನಾಗುತ್ತೆ?" ಎಂದು ಸಾಹೇಬರು ಅನುಮಾನದಿಂದಲೇ ಹಿಡಿದುಕೊಂಡರು. ಕಲ್ಲು ಮೂರಡಿ ದೂರದಲ್ಲಿತ್ತು. ಹತ್ತಿ ಅವರ ಬೆರಳುಗಳ ನಡುವೆಯೇ ಕಪ್ಪಗಾಯಿತು.

ಹೆಂಡತಿ ಹೊಸ ಹತ್ತಿ ಅದ್ದಿ, ಗಂಡನ ಕಿವಿಯ ಮೇಲಿನ ಕೂದಲಿನ ಮೇಲೆ ಹಗುರವಾಗಿ ಒಂದು ಸಲ ಎಳೆದರು. ಆ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಯಾರಿಗೂ ಗೊತ್ತಾಗದಂತೆ ಸಾಹೇಬರು ಕೈಯಾರೆ ತಲೆಗೆ ಹಚ್ಚಿಕೊಂಡಿದ್ದ ಕಪ್ಪು ಬಣ್ಣ ಹತ್ತಿಗೆ ಬಂತು. ಕಿವಿಯ ಮೇಲೆ ಎರಡು ಬೆರಳಗಲ ಬೆಳ್ಳಿಯ ಪಟ್ಟಿ ಮಿರಿಮಿರಿ ಮಿಂಚಿತು.

ಅಡುಗೆಮನೆಯಲ್ಲಿ ಯಾರೂ ನಗಲಿಲ್ಲ. ಅದೇ ಸಾಹೇಬರಿಗೆ ಹೆಚ್ಚು ಕಷ್ಟವಾಯಿತು. ವ್ಯಾಪಾರಿ ಗೋಡೆಯತ್ತ ತಿರುಗಿ ಎರಡು ಸಲ ಕೆಮ್ಮಿದರು. "ಹಾಗಾದ್ರೆ ಕಲ್ಲು ಅಸಲಿ ಅಂತ ಆಯ್ತಲ್ಲ ಸಾರ್?"

"ಆಯ್ತು," ಎಂದರು ಸಾಹೇಬರು, ನೆಲ ನೋಡುತ್ತ. "ತಪ್ಪಾಯ್ತು. ಕೂತ್ಕೊಳ್ಳಿ, ಕಾಫಿ ಕುಡ್ಕೊಂಡು ಹೋಗಿ." ಆಮೇಲೆ, ಇಪ್ಪತ್ತಾರು ವರ್ಷದಲ್ಲಿ ಯಾವ ಅಂಗಡಿಯವನೂ ಕೇಳದ ಮೆದು ದನಿಯಲ್ಲಿ ಮೇಸ್ತ್ರಿಯನ್ನು ಕೇಳಿದರು: "ಟೈಲ್... ಯಾವುದು ಹಾಕೋಣ ಅಂತೀಯಪ್ಪ?"

ಮೇಸ್ತ್ರಿ ಬಿಳಿ ಟೈಲನ್ನು ಕಲ್ಲಿನ ಪಕ್ಕ ಇಟ್ಟು ನೋಡಿದ. ಸಾಹೇಬರ ಕಿವಿಯ ಮೇಲ್ಭಾಗವನ್ನೂ ಒಮ್ಮೆ ನೋಡಿದ.

"ಮೊದಲೇ ಹೇಳಿದ್ನಲ್ಲ ಸಾರ್. ಕಪ್ಪಿನ ಪಕ್ಕ ಬಿಳಿ ಕಂಡ್ರೇನೇ ಲಕ್ಷಣ. ಮುಚ್ಚಿಡೋದ್ಯಾಕೆ?"