ಶ್ರೀಮತಿ ಬೇಬಿ ಕಾಂತಪ್ಪ, ಕೈಗೂಸು

ಚೆನ್ನೈಯ ವೇಲಚೇರಿ ನಿವಾಸಿ ಶ್ರೀಮತಿ ಬೇಬಿ ಕಾಂತಪ್ಪನವರು, ವಯಸ್ಸು ಐವತ್ತೆಂಟು, ಕಳೆದ ಮೇ ತಿಂಗಳಲ್ಲಿ ಕೈಗೂಸಿನ ವರ್ಗದಲ್ಲಿ ಮಲೇಷ್ಯಾದ ಪೆನಾಂಗಿಗೆ ವಿಮಾನ ಪ್ರಯಾಣ ಮಾಡಿದರೆಂಬುದನ್ನು ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ತಿಳಿಯಪಡಿಸಲಾಗಿದೆ. ಇದರಲ್ಲಿ ಯಾವ ಅಕ್ರಮವೂ ನಡೆದಿಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ. ನಡೆಸಿದವನು ನಾನೇ ಆದ್ದರಿಂದ ಬೇರೆಯವರನ್ನು ಕೇಳುವ ಅಗತ್ಯವಿಲ್ಲ.

ನನ್ನ ಹೆಸರು ಚರಣ್. ಕಾಂತಪ್ಪ ನನ್ನ ಸೋದರಮಾವ, ಬೇಬಿ ನನ್ನ ಅತ್ತೆ. ವೇಲಚೇರಿ ಸ್ಟೇಷನ್ ಹತ್ತಿರದ ಮಾವನ ಸಸ್ಯಾಹಾರಿ ಹೋಟೆಲಿನ ಮೇಲ್ವಿಚಾರಣೆ ನನ್ನದು. ಕಾಪು ಕಡೆಯ ಹಳ್ಳಿಯಿಂದ ಬಂದು ಒಂದು ಮಳೆಗಾಲ ಮುಗಿಯುವುದರೊಳಗೆ ತಮಿಳಿನಲ್ಲಿ ಜಗಳವಾಡುವಷ್ಟು ಕಲಿತವನು ನಾನು. ಊರಿನಲ್ಲಿ ಕಂಬಳದ ಕೋಣಗಳನ್ನು ಒಬ್ಬನೇ ಲಾರಿಗೆ ಹತ್ತಿಸಿದವನು. ಒಂದು ಕುಟುಂಬವನ್ನು ವಿಮಾನ ಹತ್ತಿಸುವುದು ನನಗೆ ಯಾವ ಲೆಕ್ಕ.

ಬೇಬಿ ಎಂಬುದು ನಮ್ಮ ಕಡೆ ಹೆಂಗಸರಿಗೆ ಇಡುವ ಸಾಮಾನ್ಯ ಹೆಸರು. ನಮ್ಮ ಊರಿನಲ್ಲಿ ಹಲ್ಲಿಲ್ಲದ ಬೇಬಿಗಳೇ ಮೂವರಿದ್ದಾರೆ, ಮೂವರೂ ಮೊಮ್ಮಕ್ಕಳನ್ನು ಕಂಡವರು. ಚೆನ್ನೈಯಲ್ಲಿ ಇನಿಶಿಯಲ್ ಇಲ್ಲದವರನ್ನು ಪೂರ್ತಿ ಮನುಷ್ಯರೆಂದು ಪರಿಗಣಿಸುವುದಿಲ್ಲವಾದ ಕಾರಣ, ಮದುವೆಯಾಗಿ ಬಂದ ಅತ್ತೆ ಕೆ. ಬೇಬಿ ಆದರು. ಪಾಸ್‌ಪೋರ್ಟಿನಲ್ಲಿ ಆ ಕೆಯನ್ನು ಬಿಡಿಸಿ ಬರೆದಾಗ ಬೇಬಿ ಕಾಂತಪ್ಪ ಆದರು.

ಪೆನಾಂಗಿನಲ್ಲಿರುವುದು ಅತ್ತೆಯ ತಂಗಿ ನಾಗಮಣಿ. ತಾಯಿ ಬೇಗ ತೀರಿಕೊಂಡ ಮನೆ. ತಂಗಿಯನ್ನು ಸೊಂಟದಲ್ಲಿ ಹೊತ್ತು ಬೆಳೆಸಿದ್ದು ಅತ್ತೆಯೇ. ಮದುವೆಯಾಗಿ ಆಚೆ ಹೋದ ಆ ತಂಗಿಯ ಮುಖ ನೋಡದೆ ಹದಿನೇಳು ವರ್ಷವಾಗಿತ್ತು. ಪ್ರತಿ ವರ್ಷ ಹೊರಡುವುದು, ಪ್ರತಿ ವರ್ಷ ಹೋಟೆಲಿಗೆ ಯಾವುದೋ ಮದುವೆಯ ಆರ್ಡರ್ ಬರುವುದು. ಈ ಸಲ ನಾಗಮಣಿ ಫೋನಿನಲ್ಲಿ, "ಬಾರದಿದ್ರೆ ಮತ್ತೆ ಬರುವುದೇ ಬೇಡ, ಫೋನೂ ಬೇಡ" ಎಂದು ಇಟ್ಟುಬಿಟ್ಟರು. ಅತ್ತೆ ಆ ದಿನ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದರು.

ಹೊರಡುವವರು ಮಾವ, ಅತ್ತೆ, ಅವರ ಮಗಳು ನಮಿತಾ, ನಮಿತಾಳ ಇಬ್ಬರು ಹೆಣ್ಣುಮಕ್ಕಳು, ಲಗೇಜಿಗೂ ಧೈರ್ಯಕ್ಕೂ ನಾನು. ನಮಿತಾಳ ಗಂಡನಿಗೆ ಎಣ್ಣೂರಿನ ಕೆಲಸದಲ್ಲಿ ರಜೆ ಸಿಗಲಿಲ್ಲ. ಸರ್ವಯಾನ ಟ್ರಾವೆಲ್ಸಿಗೆ ಫೋನ್ ಮಾಡಿದ್ದು ನಾನು.

"ದೊಡ್ಡವರು ಯಾರ್ಯಾರು ಸಾರ್?"

"ನಾನು, ಮಾವ, ನಮಿತಾ."

"ಮಕ್ಕಳು?"

"ಮಾಧವಿ, ವೀಕ್ಷಾ."

"ಅಷ್ಟೇನಾ?"

"ಮತ್ತೆ ಬೇಬಿ."

ಇದಕ್ಕಿಂತ ಸ್ಪಷ್ಟವಾಗಿ ಈ ಭೂಮಿಯ ಮೇಲೆ ಯಾರೂ ಹೇಳಲಾರರು.

ಟಿಕೆಟ್ ಬಂತು. ಅದರ ಪ್ರಕಾರ ಒಂದೂವರೆ ವರ್ಷದ ವೀಕ್ಷಾ ನಮಿತಾಳ ಮಡಿಲಲ್ಲಿ, ಐವತ್ತೆಂಟರ ಬೇಬಿ ಕಾಂತಪ್ಪ ಮಾವನ ಮಡಿಲಲ್ಲಿ ಕುಳಿತು ಪ್ರಯಾಣ ಮಾಡತಕ್ಕದ್ದು.

ಅತ್ತೆ, ಮಾವ, ನಾನು ಟ್ರಾವೆಲ್ಸ್ ಆಫೀಸಿಗೆ ಹೋದೆವು. ಅಲ್ಲಿನ ಅಧಿಕಾರಿ ಉಪೇಂದ್ರ, ಹಣೆಗೆ ನಾಮ ಇಟ್ಟುಕೊಂಡ ವಿನಯವಂತ. ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ಮನೆತನ, ಕನ್ನಡವೂ ಅಲ್ಲಿಯೇ ನೆಂದು ಬೇರೆ ಬಣ್ಣವಾಗಿದೆ.

"ಬೇಬಿ ಕಾಂತಪ್ಪ ಅಂದ್ರೆ ಕಾಂತಪ್ಪ ಅವರ ಬೇಬಿ ತಾನೆ ಸಾರ್? ಆಸ್ಪತ್ರೇಲಿ ಪಿಳ್ಳೆ ಹುಟ್ಟಿದ್ರೆ ಕೈಗೆ ಅಪ್ಪಡಿ ತಾನೆ ಚೀಟಿ ಕಟ್ತಾರೆ?"

"ಪಿಳ್ಳೆ ನಿಮ್ಮ ಎದುರಿಗೇ ಕೂತಿದ್ದಾರಲ್ಲ," ಎಂದೆ.

ಉಪೇಂದ್ರ ಎದ್ದು ನಿಂತು ಅತ್ತೆಗೆ ಕೈಮುಗಿದರು. ಮತ್ತೆ ಕುಳಿತು ನನಗೆ ಹೇಳಿದರು: "ನನ್ನ ಕಣ್ಣಿಗೆ ಕಾಣ್ಸತ್ತೆ ಸಾರ್. ಸಿಸ್ಟಮ್‌ಗೆ ಕಾಣ್ಸಲ್ವೇ."

"ಪಾಸ್‌ಪೋರ್ಟಿನಲ್ಲಿ ಹುಟ್ಟಿದ ವರ್ಷ ಉಂಟಲ್ಲ ಮಾರಾಯ್ರೆ," ಎಂದರು ಮಾವ.

"ಇರತ್ತೆ ಸಾರ್. ಆದ್ರೆ ವಯಸ್ಸು ಬೇರೆ, ವರ್ಗ ಬೇರೆ."

ಬೇರೆ ಸೀಟು ಕೊಡಿ ಎಂದೆ. ಶಾಲೆಗಳಿಗೆ ರಜೆ, ವಿಮಾನ ತುಂಬಿದೆ ಎಂದರು. ತಿದ್ದುಪಡಿಗೆ ಅವಕಾಶವಿದೆ, ಆದರೆ ಕೈಗೂಸು ತಾನಾಗಿ ಅರ್ಜಿ ಹಾಕುವಂತಿಲ್ಲ, ತಂದೆ ಹಾಕಬೇಕು. ಪೆನ್ನು ಮಾವನ ಮುಂದೆ ಬಂತು.

"ನಾನು ಗಂಡ."

"ಗಂಡ ಅಂತ ಕಾಲಮ್ ಇಲ್ಲ ಸಾರ್. ಕೊಂಜ ಅಡ್ಜಸ್ಟ್ ಮಾಡ್ಕೊಳಿ."

ಮಾವ ತಂದೆಯಾಗಿ ಸಹಿ ಹಾಕಿದರು. ತಂದೆ ಹಾಕಿದ ಅರ್ಜಿಗೆ ತಾಯಿಯ ಆಕ್ಷೇಪವಿಲ್ಲವೆಂಬ ಸಹಿ ಬೇಕಂತೆ. ಕಾಂತಪ್ಪನವರ ಪಾಸ್‌ಪೋರ್ಟಿನ ಪ್ರಕಾರ ಅವರ ಹೆಂಡತಿ ಬೇಬಿ. ಆದ್ದರಿಂದ ಬೇಬಿಯ ತಾಯಿಯೂ ಬೇಬಿ. ಅತ್ತೆ ತನಗೆ ತಾನೇ ತಾಯಿಯಾಗಿ ಸಹಿ ಹಾಕಿದರು. ಕೈಗೂಸಿನ ಸಹಿ ಸಿಂಧುವಲ್ಲವೆಂದು ಅದು ಸಂಜೆಯೇ ವಾಪಸ್ಸು ಬಂತು. ಸಹಿ ಬಾರದ ಶಿಶುಗಳಿಗೆ ಪಾದದ ಗುರುತು ಸಾಕೆಂದು ಉಪೇಂದ್ರ ಎಲ್ಲೋ ಒಂದು ನಿಯಮ ಹುಡುಕಿ ತೆಗೆದರು. ಅತ್ತೆ ಶಾಯಿಯಲ್ಲಿ ಕಾಲು ಅದ್ದಿ ಒತ್ತಿದರು. ಗೆರೆ ಎಳೆದ ಚೌಕ ಇದ್ದದ್ದು ವೀಳ್ಯದೆಲೆಯಷ್ಟು; ಅತ್ತೆಯ ಪಾದ ಅದನ್ನು ದಾಟಿ ಉಪೇಂದ್ರರ ಮೇಜಿನವರೆಗೆ ಹೋಯಿತು. ಚೌಕದ ಹೊರಗಿನ ಗುರುತನ್ನು ಪರಿಗಣಿಸಲಾಗುವುದಿಲ್ಲ. ಆದರೂ ಅರ್ಜಿಯನ್ನು ಮೇಲಿನವರಿಗೆ ಕಳಿಸಿ ನೋಡುವುದಾಗಿ ಉಪೇಂದ್ರ ಹೇಳಿದರು.

"ಬಿಡುವಾ," ಎಂದರು ಮಾವ. "ಬರುವ ವರ್ಷ ಹೋಗುವಾ."

ಅತ್ತೆ ಸೆರಗಿನಿಂದ ಕಾಲಿನ ಶಾಯಿ ಒರೆಸಿಕೊಳ್ಳುತ್ತ ಹೇಳಿದರು: "ಬರುವ ವರ್ಷ ಅಂತ ಹೇಳಿ ಹೇಳಿಯೇ ನನ್ನ ತಂಗಿಯ ತಲೆ ಬೆಳ್ಳಗಾಯ್ತು. ಕೂಸಾದ್ರೆ ಕೂಸು. ನಾನು ಹೋಗುವುದೇ."

ಮನೆಗೆ ಬಂದ ಮೇಲೆ ಆರು ವರ್ಷದ ಮಾಧವಿ ತನ್ನ ತಮಿಳಿನಲ್ಲಿ ಕೇಳಿದಳು: "ಪಾಟ್ಟಿ ಪಾಪಾವಾ?" ಅಜ್ಜಿ ಪಾಪುವಾ ಎಂದು.

"ಹೌದು ಮಗಾ," ಎಂದರು ಅಜ್ಜಿ. "ತಂಗಿ ಸಿಗುವವರೆಗೆ."

ಮುಂದಿನ ಸಿದ್ಧತೆಗಳು ಕ್ರಮಬದ್ಧವಾಗಿ ನಡೆದವು. ಕೈಗೂಸುಗಳಿಗೆ ವೈದ್ಯರ ಪತ್ರ ಬೇಕು. ವೈದ್ಯರು ಅತ್ತೆಯನ್ನು ತೂಗಿ, 'ಮಗುವಿನ ಬೆಳವಣಿಗೆ ತೃಪ್ತಿಕರ' ಎಂದು ಬರೆದರು. ಮಾವ ಕಡ್ಡಿಯಂಥ ಆಳು. ಅವರ ತೊಡೆ ಗಟ್ಟಿಯಾಗಲೆಂದು ಹೋಟೆಲಿನ ಉಗ್ರಾಣದಲ್ಲಿ ನನ್ನ ಉಸ್ತುವಾರಿಯಲ್ಲಿ ದಿನಾ ಅಕ್ಕಿಮೂಟೆ ಇಟ್ಟು ಕೂರಿಸಿದೆ. ಕೋಣಗಳನ್ನು ಪಳಗಿಸಿದ ಅನುಭವ ಇಲ್ಲಿ ಬಹಳ ಉಪಯೋಗಕ್ಕೆ ಬಂತು.

ವಿಮಾನ ನಿಲ್ದಾಣದಲ್ಲಿ ಪ್ರಕಟಣೆಯಾಯಿತು: "ಕೈಗೂಸುಗಳಿರುವ ಕುಟುಂಬಗಳು ಮೊದಲು ಬರಬೇಕಾಗಿ ವಿನಂತಿ." ನಮ್ಮಲ್ಲಿ ಎರಡಿದ್ದವು. ಎಲ್ಲರನ್ನೂ ಹಿಂದೆ ಹಾಕಿ ಎದೆಯುಬ್ಬಿಸಿ ನಡೆದೆವು. ಬಾಗಿಲಲ್ಲಿದ್ದ ಹುಡುಗಿ ಟಿಕೆಟ್ ನೋಡಿ, "ಬೇಬಿ ಎಲ್ಲಿ?" ಎಂದಳು.

"ನಾನೇ," ಎಂದರು ಅತ್ತೆ.

ಹುಡುಗಿ ಅತ್ತೆಯನ್ನು ನೋಡಿದಳು, ಟಿಕೆಟ್ ನೋಡಿದಳು, ಟಿಕೆಟನ್ನು ನಂಬಿದಳು. "ತುಂಬಾ ಅಳುತ್ತಾ?" ಎಂದು ಮಾವನನ್ನು ಕೇಳಿದಳು.

"ತಂಗಿಯ ಫೋನ್ ಬಂದ್ರೆ ಮಾತ್ರ," ಎಂದರು ಮಾವ.

ಒಂದೇ ರಸ್ತೆಯಲ್ಲಿ ಜೊತೆಯಾಗಿ ನಡೆಯಲೂ ನಾಚುವ ದಂಪತಿ ಅವರು. ಮಾವ ಮುಂದೆ, ಅತ್ತೆ ನಾಲ್ಕು ಮಾರು ಹಿಂದೆ, ಇದೇ ಇವರ ಸಂಸಾರದ ಕ್ರಮ. ಈಗ ವಿಮಾನ ತುಂಬ ಜನ ನೋಡುತ್ತಿರುವಾಗ ಅತ್ತೆ ಮಾವನ ಮಡಿಲಲ್ಲಿ ಕುಳಿತರು. ಮಾವ ಮದುವೆಯ ಫೋಟೋಕ್ಕೆ ನಿಂತವರಂತೆ ನೇರ ಮುಂದೆ ನೋಡಿದರು. ಪಕ್ಕದ ಸಾಲಿನ ಹೆಂಗಸು ತನ್ನ ಗಂಡನಿಗೆ, "ಮಗುವನ್ನು ಹೇಗೆ ನೋಡಿಕೊಳ್ತಾರೆ ನೋಡಿ" ಎಂದು ಮೊಣಕೈಯಲ್ಲಿ ತಿವಿದಳು. ಬಂಗಾಳ ಕೊಲ್ಲಿಯ ಮಧ್ಯದಲ್ಲಿ ಮಾವನ ಕಾಲು ಮರಗಟ್ಟಿತು.

"ಭಾರವಾ?" ಎಂದರು ಅತ್ತೆ.

"ಇಲ್ಲ," ಎಂದರು ಮಾವ. ಸುಳ್ಳು. ಆದರೆ ಇಳಿಯುವವರೆಗೆ ನನ್ನ ತೊಡೆಗೆ ವರ್ಗಾಯಿಸಲು ಅವರು ಒಪ್ಪಲಿಲ್ಲ.

ಪೆನಾಂಗಿನಲ್ಲಿ ಕೂಸನ್ನು ಕರೆದೊಯ್ಯಲು ಬಂದ ಬಂಧುಗಳ ಕೈಗೆ ಒಪ್ಪಿಸಿ ಸಹಿ ಪಡೆಯಬೇಕೆಂದು ವಿಮಾನ ಕಂಪನಿಯವರು ಹೇಳಿದರು. ನಾಗಮಣಿ ಕಟಕಟೆಯ ಆಚೆ ನಿಂತಿದ್ದರು. ತಲೆ ನಿಜವಾಗಿಯೂ ಪೂರ್ತಿ ಬೆಳ್ಳಗಾಗಿತ್ತು. ಹದಿನೇಳು ವರ್ಷದ ಸಿಟ್ಟನ್ನು ಮುಖದ ಮೇಲೆ ಸಿದ್ಧಮಾಡಿಕೊಂಡೇ ಬಂದಿದ್ದರು.

"ಇದೆಂತ ಸಹಿ?"

"ಕೂಸನ್ನು ಒಪ್ಪಿಸಿಕೊಂಡದ್ದಕ್ಕೆ," ಎಂದೆ.

ಅವರು ಅಕ್ಕನನ್ನು ನೋಡಿದರು. ಅತ್ತೆ, ಅಂಗಡಿಯಲ್ಲಿ ಬಿಟ್ಟುಹೋದ ಮಗುವಿನ ಹಾಗೆ, ಚೀಲ ಹಿಡಿದು ನಿಂತಿದ್ದರು. ನಾಗಮಣಿ ಸಹಿ ಹಾಕಿ, ಅಕ್ಕನ ಕೈ ಹಿಡಿದು ರಸ್ತೆ ದಾಟಿಸಿದರು.

ಮರುದಿನ ಬೆಳಿಗ್ಗೆ ಅತ್ತೆ ಅಭ್ಯಾಸಬಲದಿಂದ ಅಡುಗೆಮನೆಗೆ ಹೋದರು. ನಾಗಮಣಿ ಬಾಗಿಲಿಗೆ ಅಡ್ಡ ನಿಂತರು. "ಸಣ್ಣ ಮಕ್ಕಳು ಒಲೆ ಹತ್ರ ಬರಬಾರದು. ಹೋಗಿ ಕೂತ್ಕೋ."

"ಹೋಗೆ, ನಿನ್ನನ್ನು ಸಾಕಿದ್ದು ನಾನು."

"ಅದು ಆಗ. ಈಗ ಸಹಿ ನಂದು."

ಅತ್ತೆ ಹೋಗಿ ಕೂತರು. ನಾಗಮಣಿ ಎಣ್ಣೆ ಹಚ್ಚಿ ಅಕ್ಕನ ಕೂದಲು ಬಾಚತೊಡಗಿದರು. ಆ ತಲೆಯನ್ನು ಮತ್ತೊಬ್ಬರು ಬಾಚಿದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಅತ್ತೆ ಕಣ್ಣು ಮುಚ್ಚಿದರು.

ಆಗಲೇ ಉಪೇಂದ್ರರ ಫೋನ್ ಬಂತು. "ಶುಭ ಸಮಾಚಾರ ಸಾರ್. ತಿದ್ದುಪಡಿ ಮಂಜೂರಾಗಿದೆ. ಅಮ್ಮ ಹೂಂ ಅಂದ್ರೆ ಈ ಕ್ಷಣದಿಂದ ದೊಡ್ಡವರು. ವಾಪಸ್ ಬರಕ್ಕೆ ಕಿಟಕಿ ಸೀಟು."

ನಾನು ಗಟ್ಟಿಯಾಗಿ ಹೇಳಿದೆ. ಮೂಲೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ ಮಾವ ತಲೆಯೆತ್ತಿದರು, ಇನ್ನೊಂದು ಮಂಡಿಗೆ ಶುರುಮಾಡಿದರು. ನಾಗಮಣಿಯ ಬಾಚಣಿಗೆ ನಿಂತಿತು.

ಅತ್ತೆ ಕಣ್ಣು ತೆರೆಯಲಿಲ್ಲ. "ಈಗ ಬೇಡ ಅಂತ ಹೇಳು," ಎಂದರು. "ಜಡೆ ಇನ್ನೂ ಅರ್ಧ ಉಂಟು."

ಹಾಗೆಯೇ ತಿಳಿಸಿದೆ. ಉಪೇಂದ್ರ ತಕ್ಷಣ ದನಿ ತಗ್ಗಿಸಿದರು.

"ಪರವಾಗಿಲ್ಲ ಸಾರ್, ಎಬ್ಬಿಸ್ಬೇಡಿ. ಪಿಳ್ಳೆ ನಿದ್ದೆ ಮಾಡಿ ಎದ್ದ ಮೇಲೆ ಕೇಳ್ತೀನಿ."