ಐವತ್ತಮೂರು ಓಮಿನ ಹೀಟರು ಮತ್ತು ನಮ್ಮ ಅತ್ತೆಯವರ ಉಪವಾಸ

ಅದಕ್ಕೇ ಮಾನ್ಯರೇ, ನಿನ್ನೆ ತಮ್ಮ ಕಚೇರಿ ಬಾಗಿಲಲ್ಲಿ ನಾನು ಹೇಳುತ್ತಿದ್ದುದು ಅರ್ಧವಾಗುವಷ್ಟರಲ್ಲಿ ತಾವು ಜೀಪು ಹತ್ತಿದ್ದರಿಂದ, ಉಳಿದರ್ಧವನ್ನು ಊರೆಲ್ಲ ಓದಲೆಂದು ಈ ಬಹಿರಂಗ ಪತ್ರದಲ್ಲಿ ಬರೆಯುತ್ತಿದ್ದೇನೆ. ನಮ್ಮ ಹಳ್ಳಿಗೆ ಬೆಳಕು ದಯಪಾಲಿಸುವ ವಿದ್ಯುತ್ ಶಾಖಾಧಿಕಾರಿ ಶ್ರೀ ಭೀಮರಾಯ ಸಾಹೇಬರಿಗೆ ಅನಂತ ಶರಣು. ಇಂಗ್ಲಿಷ್ ಅರ್ಜಿಗಳಲ್ಲಿ ಐ ಹ್ಯಾವ್ ದಿ ಆನರ್ ಟು ಎಂದೇನೋ ಇತ್ತು, ಮುಂದಿನದನ್ನು ಗೋಕಾಕದ ಕಾಲೇಜಿನಲ್ಲೇ ಬಿಟ್ಟುಬಂದಿದ್ದೇನೆ, ಕ್ಷಮೆಯಿರಲಿ.

ನನ್ನ ಹೆಂಡತಿ ಶೋಭಾ ತೀರಿಹೋದ ಮೇಲೂ ಅವಳ ತಾಯಿ ಅಕ್ಕವ್ವನವರು ನನ್ನೊಡನೆಯೇ ಇದ್ದಾರೆ. ಬಿಸಿನೀರಿನ ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಬಾಯಿಗೆ ಹನಿ ಚಹಾ ಇಲ್ಲ, ಇದು ಅವರ ನೇಮ. ಹೊಟ್ಟೆಗೇನಾದರೂ ಬೀಳದೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವಂತಿಲ್ಲ. ಒಲೆಯ ಹೊಗೆಗೆ ಅವರಿಗೆ ದಮ್ಮು. ಗ್ಯಾಸಿನ ಮೇಲೆ ಕಾಯಿಸಿದ ಹಂಡೆಯನ್ನು ಬಚ್ಚಲಿಗೆ ಹೊರುವ ಕಸುವು ನನಗಿಲ್ಲ. ಹೀಗಾಗಿ ಎಲ್ಲ ಭಾರವೂ ಒಂದು ಹೀಟರಿನ ಮೇಲೆ. ನಸುಕಿನಲ್ಲಿ ಹೊಲದ ಪಂಪುಗಳಿಗೆ ಕರೆಂಟು ಬಿಡುತ್ತಲೇ ಆ ಹೀಟರು ಮೈಗಳ್ಳನಾಗುತ್ತದೆ. ಅತ್ತೆಯವರು ಗಳಿಗೆಗೊಮ್ಮೆ "ಅಳಿಯಾರ, ನೀರು ಕಾದುವೇನ್ರಿ?" ಎನ್ನುತ್ತಾರೆ, ನಾನು ಬೆರಳಿಟ್ಟು ನೋಡಿ "ಇನ್ನೂ ಇಲ್ರಿ" ಎನ್ನುತ್ತೇನೆ, ಅಷ್ಟರಲ್ಲಿ ಬಿಸಿಲು ಅಂಗಳಕ್ಕಿಳಿದಿರುತ್ತದೆ. ಕಳೆದ ಸೋಮವಾರ ಬಚ್ಚಲ ಹೊಸ್ತಿಲಲ್ಲೇ ತಲೆ ತಿರುಗಿ ಕುಸಿದು ಕುಳಿತರು.

ತಾವಾದರೋ ಕೃಪೆಯಿಟ್ಟು ಬಂದಿರಿ, ಮಧ್ಯಾಹ್ನ ಬಂದಿರಿ, ಪಂಪುಗಳೆಲ್ಲ ಮಲಗಿದ್ದಾಗ ಬಂದಿರಿ. ಮೀಟರು ಹಿಡಿದು, ವೋಲ್ಟೇಜು ಬರೋಬ್ಬರಿ ಇನ್ನೂರ ಮೂವತ್ತಿದೆ, ಹೀಟರಿಗೇ ಮುಪ್ಪು ಬಂದು ರೆಸಿಸ್ಟನ್ಸ್ ಏರಿದೆ ಎಂದು ತೀರ್ಪು ಕೊಟ್ಟು, ಆಗಷ್ಟೇ ಪೂಜೆ ಮುಗಿಸಿದ್ದ ಅತ್ತೆಯವರು ಮೊದಲ ತುತ್ತು ಎತ್ತುವ ಮುಂಚೆಯೇ ಒಂದು ತಾಟು ಚುರಮುರಿ ಖಾಲಿ ಮಾಡಿದ ತಮ್ಮ ದಕ್ಷತೆಗೆ ನಾನು ಬೆರಗಾಗಿದ್ದೇನೆ.

ನಾನು ಮರುದಿನ ನಸುಕಿನಲ್ಲಿ ಒಂದು ಮೀಟರು ಎರವಲು ತಂದು ಅಳೆದೆ. ವೋಲ್ಟೇಜು ನೂರರವತ್ತು, ಕರೆಂಟು ಮೂರು ಆಂಪಿಯರ್. ಭಾಗಿಸಿದರೆ ರೆಸಿಸ್ಟನ್ಸ್ ಐವತ್ತಮೂರು ಓಮ್. ಹೀಟರಿನ ಚೀಟಿಯಲ್ಲಿ ಸಾವಿರ ವಾಟ್, ಇನ್ನೂರ ಮೂವತ್ತು ವೋಲ್ಟ್ ಎಂದಿದೆ. ಅದರಿಂದ ಲೆಕ್ಕ ಹಾಕಿದರೂ ಅದೇ ಐವತ್ತಮೂರು. ಪಾಪದ ಹೀಟರು ಕೊಂಡ ದಿನದಷ್ಟೇ ಪ್ರಾಯದಲ್ಲಿದೆ ಸಾಹೇಬರೇ. ಇನ್ನು ನೂರರವತ್ತನ್ನು ಮೂರರಿಂದ ಗುಣಿಸಿ: ನಾನೂರ ಎಂಬತ್ತು ವಾಟ್. ವೋಲ್ಟೇಜು ಇಳಿದರೆ ಅದರ ಹಿಂದೆ ಕರೆಂಟೂ ಇಳಿಯುತ್ತದೆ, ಆದ್ದರಿಂದ ತಾವು ವೋಲ್ಟೇಜಿನಲ್ಲಿ ಮೂರನೇ ಒಂದು ಪಾಲೂ ಕದಿಯದೆ ನಮ್ಮ ಬಿಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾರಿಸಿದ್ದೀರಿ. ಇಂಥ ಕೈಚಳಕ ಹುಕ್ಕೇರಿ, ಮೂಡಲಗಿಗಳಲ್ಲಿ ಹುಡುಕಿದರೂ ಸಿಗದು. ಕರೆಂಟ್ ಈಸ್ ಡೈರೆಕ್ಟ್ಲಿ ಪ್ರೊಪೋರ್ಷನಲ್ ಎಂದು ನಮ್ಮ ಮಾಸ್ತರರು ಬಡಿದು ಕಲಿಸಿದ್ದರು, ತಮಗೆ ಕಲಿಸಿದವರು ಬಲು ಕರುಣಾಳುಗಳಿರಬೇಕು.

ಹಳ್ಳಿಗೊಂದು ಹೆಚ್ಚಿನ ಟ್ರಾನ್ಸ್‌ಫಾರ್ಮರ್ ಕೇಳುವಷ್ಟು ಉದ್ಧಟ ನಾನಲ್ಲ. ಓಮನ ನಿಯಮ ಬೆಳಗಿನ ಹೊತ್ತು ನಮ್ಮ ತಾಲೂಕಿಗೆ ಅನ್ವಯಿಸುವುದಿಲ್ಲವೆಂದು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಅದಾಗದಿದ್ದರೆ, ಪೂಜೆಯನ್ನು ಮಧ್ಯಾಹ್ನಕ್ಕೆ ಮುಂದೂಡಲಾಗಿದೆ ಎಂದು ಅತ್ತೆಯವರ ಅಂಗೈಯ ಲಿಂಗಕ್ಕೇ ಕಚೇರಿಯ ಮುದ್ರೆಯಿರುವ ಪತ್ರ ಬರೆಯಿರಿ, ಉತ್ತರವನ್ನು ನಾನೇ ತಂದು ಮುಟ್ಟಿಸುತ್ತೇನೆ. ಇನ್ನೂ ಒಂದು ವಿನಂತಿ ಇತ್ತು, ಆದರೆ... ಅರೆ, ಅಕ್ಷರ ಕಾಣುತ್ತಿಲ್ಲ. ಹೊತ್ತು ಮುಳುಗುತ್ತಿದೆ. ಬಲ್ಬು ಹಾಕಿದೆ, ಅದು ದಾಳಿಂಬೆ ಬೀಜದಷ್ಟು ಕೆಂಪಾಗಿ ನನ್ನನ್ನೇ ನೋಡುತ್ತಿದೆ. ಇದಕ್ಕೂ ಮುಪ್ಪೇ ಬಂದಿರಬೇಕು.

ಮೂರು ಆಂಪಿಯರಿನಷ್ಟು ಮಾತ್ರ ತಮ್ಮ ವಿಶ್ವಾಸಿ,
ಮುರಿಗೆಪ್ಪ

ತಾ.ಕ.: ಅತ್ತೆಯವರು ತಮ್ಮನ್ನು ನಾಳೆ ನಸುಕಿಗೆ ಚಹಾಕ್ಕೆ ಕರೆದಿದ್ದಾರೆ. "ಸಾಹೇಬ್ರಿಗೆ ಖಾಲಿ ಹೊಟ್ಟೀಲೆ ಬರ್ರಿ ಅಂತ ಹೇಳ್ರಿ" ಎಂದಿದ್ದಾರೆ. ಅವರ ಪೂಜೆ ಮುಗಿದ ಕೂಡಲೇ ತಮಗೂ ಚಹಾ ಸಿಗುತ್ತದೆ.