ಬೇಕರಿ ನಂಜಪ್ಪನ ಹೊಟ್ಟೆ

ಚಾಮರಾಜಪೇಟೆಯ ಬೇಕರಿ ನಂಜಪ್ಪ ಎರಡು ವರ್ಷದಿಂದ ಸೊರಗುತ್ತಲೇ ಇದ್ದ. ಏನು ತಿಂದರೂ ಮೈಗೆ ಹತ್ತುತ್ತಿರಲಿಲ್ಲ. ಮದುವೆಗೆ ಹೊಲಿಸಿದ ಕೋಟು ಈಗ ಗೂಟಕ್ಕೆ ನೇತುಹಾಕಿದ ಹಾಗೆ ಜೋಲುತ್ತಿತ್ತು. ಆದರೆ ವಿಷಯ ಬೀದಿಗೆ ಗೊತ್ತಾಗುವಂತಿರಲಿಲ್ಲ. ಬೇಕರಿಯವನ ಹೊಟ್ಟೆಯೇ ಕೆಟ್ಟಿದೆ ಅಂದರೆ ಅವನ ಬನ್ನನ್ನು ಯಾರು ಮುಟ್ಟುತ್ತಾರೆ?

ಅದಕ್ಕೇ ಹೆಂಡತಿ ಶಿವಕುಮಾರಿಗೆ ಮಾತ್ರ ಹೇಳಿ, ಕುಮಾರ ಪಾರ್ಕಿನ ಹೊಟ್ಟೆ ಸ್ಪೆಷಲಿಸ್ಟ್ ಹತ್ತಿರ ಕದ್ದು ಹೋಗಿ ಬಂದಿದ್ದ. ಹೋದ ವಾರ ಅಲ್ಲಿ ಕೊಳವೆ ಕಟ್ಟಿದ ಗುಳಿಗೆಯೊಂದನ್ನು ನುಂಗಿಸಿ, ಪರೀಕ್ಷೆಗೆಂದು ಕರುಳಿನ ಚೂರು ಕಿತ್ತಿದ್ದರು. ಇವತ್ತು ರಿಪೋರ್ಟು.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರು ಎದುರುಮನೆಯ ರಿಟೈರ್ಡ್ ಹೆಡ್‌ಮಾಸ್ಟರ್ ಶಿವಲಿಂಗಯ್ಯ. ಬೀದಿಯ ಯಾವ ಸುದ್ದಿಯೂ ಅವರ ಬಾಯಲ್ಲಿ ಒಂದು ರಾತ್ರಿ ತಂಗಿದ್ದಿಲ್ಲ.

"ಅಂಗಡಿ ಬಿಟ್ಟು ಎಲ್ಲಿಗಯ್ಯ?"

"ಇಲ್ಲೇ... ಯೀಸ್ಟ್ ತರೋಕೆ."

ಬಸ್ಸಿಳಿದ ನಂಜಪ್ಪ ಅವರನ್ನು ತಪ್ಪಿಸಲು ಮೂರು ಬೀದಿ ಸುತ್ತಿ ಕ್ಲಿನಿಕ್ಕಿಗೆ ಬಂದ. ಬೆಂಚಿನ ಮೇಲೆ ಶಿವಲಿಂಗಯ್ಯ ಕೂತಿದ್ದರು.

"ನಂಗೆ ಅಲ್ಸರ್ ಮಾರಾಯ. ಯೀಸ್ಟು ಇಲ್ಲೂ ಮಾರ್ತಾರಾ?"

"ಇಲ್ಲ ಸಾರ್, ಡಾಕ್ಟ್ರ ಮಗಳ ಬರ್ತ್‌ಡೇ. ಕೇಕ್ ಆರ್ಡರ್..."

ಅಷ್ಟರಲ್ಲಿ ನರ್ಸಮ್ಮ ಹೊರಗೆ ಬಂದು ಕೂಗಿದಳು: "ಲೂಸ್ ಮೋಷನ್ ನಂಜಪ್ಪ ಯಾರ್ರೀ?"

"ಬೇರೆ ಯಾರೋ ನಂಜಪ್ಪ ಇರ್ಬೇಕು" ಎಂದು ನಂಜಪ್ಪ ಗೋಡೆಯ ಕ್ಯಾಲೆಂಡರು ನೋಡತೊಡಗಿದ. ಸರದಿ ತಪ್ಪಿತು. ಶಿವಲಿಂಗಯ್ಯ ಒಳಗೆ ಹೋಗಿ, ಅರಳಿದ ಮುಖದಲ್ಲಿ ಹೊರಬಂದು ಮತ್ತೆ ಪಕ್ಕದಲ್ಲೇ ಕೂತರು. "ಮುಗಿಸ್ಕೊಂಡ್ ಬಾ, ಬಸ್ಸಿಗೆ ಒಟ್ಟಿಗೇ ಹೋಗೋಣ."

ಬೇರೆ ದಾರಿಯಿಲ್ಲದೆ ನಂಜಪ್ಪ ಒಳಗೆ ನುಗ್ಗಿದ.

ಡಾಕ್ಟರು ರಿಪೋರ್ಟು ನೋಡಿ, "ಸೀಲಿಯಾಕ್" ಎಂದರು.

"ಸೀಲ್ ಹಾಕ್?" ನಂಜಪ್ಪ ಕುರ್ಚಿಯಿಂದ ಹಾರಿದ. "ಬೇಡಿ ಸಾರ್! ಬೇಕರಿಗೆ ಸೀಲ್ ಹಾಕ್ಬೇಡಿ! ಲೈಸೆನ್ಸ್ ಇದೆ!"

"ಮೆಲ್ಲಗೆ ಕಣ್ರಿ! ಅದು ಕಾಯಿಲೆ ಹೆಸರು. ಗೋಧಿ ನಿಮ್ಮ ಕರುಳಿಗೆ ಆಗಲ್ಲ. ರವೆ, ಮೈದಾ, ಚಪಾತಿ, ಒಂದು ಚೂರೂ ಬೇಡ. ಅನ್ನ, ಮುದ್ದೆ, ಜೋಳದ ರೊಟ್ಟಿ ತಿನ್ನಿ. ಕೆಲವೇ ತಿಂಗಳಲ್ಲಿ ಈ ಕೋಟು ತುಂಬ್ತೀರಿ."

ಇಷ್ಟೇನಾ? ನಂಜಪ್ಪನ ಕಣ್ಣಲ್ಲಿ ನೀರು ಬಂತು. ಎರಡು ವರ್ಷದಲ್ಲಿ ಮೊದಲ ಸಲ ಬದುಕುತ್ತೇನೆ ಅನ್ನಿಸಿತು. "ಬನ್ನು ಸಾರ್?"

"ಮಾರಿ, ತಿನ್ಬೇಡಿ."

ಹೊರಗೆ ಬಂದು ನೋಡಿದರೆ ಬೆಂಚು ಖಾಲಿ. ನಂಜಪ್ಪ ಬೀದಿಗೆ ಓಡಿದ. ತಾನು ಸೀಲ್, ಬೇಕರಿ ಎಂದು ಕಿರುಚಿದ್ದು ಮುದುಕ ಕೇಳಿಸಿಕೊಂಡು ಓಡಿರಬೇಕು!

ಆಟೋ ಹಿಡಿದು ಬಂದರೆ ಅಂಗಡಿಯ ಮುಂದೆ ನಲವತ್ತು ಜನ. ನಡುವೆ ಶಿವಲಿಂಗಯ್ಯ ಕೈಯೆತ್ತಿ ಹೇಳುತ್ತಿದ್ದರು: "ಡಾಕ್ಟ್ರ ಬಾಯಿಂದ ನಾನೇ ಕಿವಿಯಾರೆ ಕೇಳ್ದೆ!"

ಮುಗಿಯಿತು. ನಂಜಪ್ಪ ಜನರನ್ನು ಸೀಳಿಕೊಂಡು ಒಳನುಗ್ಗಿ ಟ್ರೇಯಿಂದ ಖಾರ ಬನ್ನು ಕಿತ್ತುಕೊಂಡ. "ಯಾವನ್ರೀ ಹೇಳಿದ್ದು ನನ್ನ ಬನ್ನು ಕೆಟ್ಟದ್ದು ಅಂತ? ನೋಡಿ ಇಲ್ಲಿ!" ಒಂದನ್ನು ಇಡಿಯಾಗಿ ನುಂಗಿದ. ಇನ್ನೊಂದು. ಛಲಕ್ಕೆ ಮೂರನೆಯದು. ಗಲ್ಲಾಪೆಟ್ಟಿಗೆಯ ಹಿಂದೆ ಶಿವಕುಮಾರಿ ಗಂಡನಿಗೆ ಹುಚ್ಚೇ ಹಿಡಿಯಿತೆಂದು ಬಾಯಿ ಬಿಟ್ಟು ನಿಂತಳು.

"ಕೆಟ್ಟದ್ದು ಅಂತ ಯಾರಯ್ಯ ಅಂದ್ರು?" ಎಂದರು ಶಿವಲಿಂಗಯ್ಯ. "ನನ್ನ ಅಲ್ಸರಿಗೆ ಹಾಲು ಬ್ರೆಡ್ಡು ತಿನ್ನಿ ಅಂದ್ರು ಡಾಕ್ಟ್ರು. ಅಂಥಾ ದೊಡ್ಡ ಡಾಕ್ಟ್ರೇ ಕೇಕಿಗೆ ನಿನ್ನನ್ನ ಕರೆಸಿದ್ದಾರೆ, ಬ್ರೆಡ್ಡು ನಿನ್ನ ಹತ್ರಾನೇ ತಗೋಬೇಕು ಅಂತ ಓಡಿ ಬಂದು ಎಲ್ಲರಿಗೂ ಹೇಳ್ತಿದ್ದೆ."

ನಂಜಪ್ಪನ ಬಾಯಲ್ಲಿ ಮೂರನೆಯ ಬನ್ನಿನ ಕೊನೆಯ ತುತ್ತು ಹಾಗೇ ನಿಂತಿತು.

"ನೋಡ್ರವ್ವ, ಎಷ್ಟು ಆಸೆಯಿಂದ ತಿಂದ!" ಎಂದಳು ಹೂ ಮಾರುವ ಹನುಮಕ್ಕ. "ಮಾಡಿದೋನೇ ಹಿಂಗೆ ತಿಂತಾನೆ ಅಂದ್ರೆ ಕಣ್ಮುಚ್ಕೊಂಡು ಕೊಳ್ಬಹುದು."

"ಸರಿಯಾಗಿ ಹೇಳ್ದೆ!" ಶಿವಲಿಂಗಯ್ಯ ಹುರುಪಿನಿಂದ ನಂಜಪ್ಪನ ಭುಜ ತಟ್ಟಿದರು. "ಇನ್ಮೇಲೆ ದಿನಾ ಬೆಳಿಗ್ಗೆ ಮೊದಲ್ನೇ ಬನ್ನು ನಮ್ಮೆದುರಿಗೆ ನೀನು ತಿನ್ನು. ಆಮೇಲೆ ನಾವು ಕೊಳ್ತೀವಿ."

ನಲವತ್ತು ಜನವೂ ಚಪ್ಪಾಳೆ ತಟ್ಟಿದರು.

ನಂಜಪ್ಪ ನಗಲು ಹೋದ. ಅಷ್ಟರಲ್ಲಿ ಹೊಟ್ಟೆ ಗುಡುಗಿತು. ಕೈ ಮುಗಿದವನೇ ತಿರುಗಿ ಹಿತ್ತಲ ಕಡೆ ಓಟ ಕಿತ್ತ.

"ಎಂಥಾ ಮನುಷ್ಯ ನೋಡಿ," ಎಂದಳು ಹನುಮಕ್ಕ, "ಇನ್ನೊಂದು ಟ್ರೇ ತರೋಕೆ ಆಗ್ಲೇ ಓಡ್ದ."